ಒಂದು ಡಬ್ಬಿ ಜೋಳ ಹಿಟ್ಟಾಗುವಷ್ಟು ಹೊತ್ತು

ನಮ್ಮ ಸರೋವರದ ದಡದ ಮಕ್ಕಳ ಮಲ ವಿಮಾನ ಹತ್ತಿ ಹೋಗಿದೆ. ಮಕ್ಕಳು ಹತ್ತಿಲ್ಲ. ಸಣ್ಣ ಪ್ಲಾಸ್ಟಿಕ್ ಡಬ್ಬಿಗಳಲ್ಲಿ, ಮಂಜುಗಡ್ಡೆಯ ಪೆಟ್ಟಿಗೆಯೊಳಗೆ ಜೋಪಾನವಾಗಿ ಕೂತು ಅದು ದೂರದ ಊರುಗಳ ಪ್ರಯೋಗಾಲಯಗಳಿಗೆ ಹೋಯಿತು. ಅದರಲ್ಲಿ ಏನು ಕಂಡಿತು ಎಂದು ಹೇಳುವುದಕ್ಕೆ ಯಾರೂ ದಡಕ್ಕೆ ವಾಪಸ್ ಬರಲಿಲ್ಲ. ಇದು ನಿಮಗೆ ಗೊತ್ತಿರಬೇಕಾದ ಸಂಗತಿ. ಗೊತ್ತಿಲ್ಲ ಅಂದರೆ ನೀವು ಕೇಳಲಿಲ್ಲ ಅಂತಲೇ ಅರ್ಥ.

ಕೇಳಿದ ಒಬ್ಬ ಹೆಂಗಸು ಸರೋವರದ ಬದಿಯ ಕಿಸುಮು ಪಟ್ಟಣದಲ್ಲಿದ್ದಾಳೆ. ಹೆಸರು ದೊರ್ಸಿಲಾ ಅಪೊಂಡಿ. ಬಸ್ ನಿಲ್ದಾಣದ ಹಿಂದಿನ ಸಂದಿಯಲ್ಲಿ, ಒಂದು ಹಿಟ್ಟಿನ ಗಿರಣಿಗೆ ಅಂಟಿಕೊಂಡ ಕೋಣೆ ಅವಳ ಶಾಲೆ. ಅಲ್ಲಿಗೆ ಬರುವ ವಿದ್ಯಾರ್ಥಿಗಳು ಸಣ್ಣವರಲ್ಲ. ರೋಗಾಣುಗಳ ಮೇಲೆ, ಮರಗೆಣಸಿನ ಮೇಲೆ, ಮೀನಿನ ಮೇಲೆ ಸಂಶೋಧನೆ ಮಾಡುತ್ತಿರುವ ನಮ್ಮ ಆಫ್ರಿಕದ ಹುಡುಗ ಹುಡುಗಿಯರು. ತಾವು ಕಂಡುಕೊಂಡದ್ದನ್ನು ತಮ್ಮ ಜನಕ್ಕೇ ಹೇಳಲು ಬಾಯಿ ಬಾರದವರು. ಅವರ ಬಾಯಿ ತೆರೆಸುವುದು ದೊರ್ಸಿಲಾಳ ಕೆಲಸ.

ಇಂಥ ತರಬೇತಿ ಕೊಡುವವರು ಬೇರೆಯವರೂ ಇದ್ದಾರೆ ಬಿಡಿ. ದೊಡ್ಡ ಹೋಟೆಲಿನಲ್ಲಿ ಬಾಗಿಲು ಮುಚ್ಚಿ, ಎಸಿ ಹಾಕಿ, ಎಲ್ಲರಿಗೂ ಒಂದೊಂದು ಬಟ್ಟೆ ಚೀಲ ಹಂಚಿ, ಜನರೊಡನೆ ಮಾತಾಡುವುದು ಹೇಗೆ ಎಂದು ಹೇಳಿಕೊಡುತ್ತಾರೆ. ಆ ಕೋಣೆಯಲ್ಲಿ ಜನ ಎನ್ನುವವರು ಒಬ್ಬರೂ ಇರುವುದಿಲ್ಲ, ಚಹಾ ತಂದಿಡುವವನನ್ನು ಬಿಟ್ಟರೆ. ಅವನನ್ನು ಯಾರೂ ಮಾತಾಡಿಸುವುದೂ ಇಲ್ಲ.

ದೊರ್ಸಿಲಾಳ ಕ್ರಮ ಬೇರೆ. ಗಿರಣಿಯ ಮುಂದೆ ಬೆಳಗಿನಿಂದ ಹೆಂಗಸರ ಸಾಲು. ತಲೆಯ ಮೇಲೆ ಮೆಕ್ಕೆಜೋಳದ ಡಬ್ಬಿ, ಬೆನ್ನಿಗೆ ಕಟ್ಟಿಕೊಂಡ ಕೂಸು. ಶಿಷ್ಯ ಆ ಸಾಲಿನ ಮುಂದೆ ನಿಂತು ಮಾತಾಡಬೇಕು. ಒಬ್ಬಳ ಡಬ್ಬಿ ಗಿರಣಿಯ ಬಾಯಿಗೆ ಬಿದ್ದಾಗ ಶುರು, ಅದು ಹಿಟ್ಟಾಗಿ ಹೊರಬರುವ ಹೊತ್ತಿಗೆ ಮುಗಿಯಬೇಕು. ಗಿರಣಿಯ ಸದ್ದಿನ ಮೇಲೆ ಕೇಳಿಸಬೇಕು. ಹಿಟ್ಟು ತುಂಬಿಸಿಕೊಂಡವಳು ಎದ್ದು ಹೋದರೆ ಶಿಷ್ಯ ನಪಾಸು. ಹಿಟ್ಟು ತುಂಬಿಸಿಕೊಂಡ ಮೇಲೂ ನಿಂತು, "ಆಮೇಲೆ?" ಎಂದರೆ ಪಾಸು. ಬೇರೆ ಪರೀಕ್ಷೆಯೇ ಇಲ್ಲ.

ಮಲಾವಿಯಿಂದ ಚಿಕೊಂಡಿ ಎಂಬ ಹುಡುಗಿ ಬಂದಿದ್ದಳು. ಮರಗೆಣಸಿನ ರೋಗದ ಮೇಲೆ ಅವಳ ಕೆಲಸ. ನಮ್ಮ ಭಾಷೆ ಒಂದಕ್ಷರ ಬಾರದು. ದೊರ್ಸಿಲಾ ಬಿಡಲಿಲ್ಲ. ಆ ಹುಡುಗಿ ನೆಲದ ಮೇಲೆ ಹಿಟ್ಟು ಚೆಲ್ಲಿ ಬೆರಳಲ್ಲಿ ಎಲೆ ಬರೆದಳು, ಬಿಳಿ ನೊಣ ಬರೆದಳು, ಕೊಳೆತ ಗೆಣಸು ಬರೆದು ಮೂಗು ಮುಚ್ಚಿಕೊಂಡಳು. ಹೆಂಗಸರು ಸುತ್ತ ಕುಕ್ಕರುಗಾಲಲ್ಲಿ ಕೂತು, "ನಮ್ಮ ಹೊಲದಲ್ಲೂ ಹಿಂಗೇ ಕಣೇ!" ಎಂದು ಕೂಗಾಡಿದರು. ಚೆಲ್ಲಿದ ಹಿಟ್ಟಿಗಾಗಿ ಗಿರಣಿಯವನು ಜಗಳಕ್ಕೆ ಬಂದ. ದೊರ್ಸಿಲಾ ಅವನ ಮೇಲೇ ಏರಿ ಹೋದಳು. ಅವಳ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಜೇಬಿನ ತುಂಬ ಹುರಿದ ಕಡಲೆಕಾಯಿ, ಬಾಯಿ ತುಂಬ ಬೈಗುಳ.

ಈ ಪಾಠ ಅವಳಿಗೆ ಬಂದದ್ದು ಹೇಗೆ? ಹೇಳುತ್ತೇನೆ, ಯಾಕೆಂದರೆ ಅದೂ ಈ ಕಥೆಗೆ ಬೇಕು.

ದೊರ್ಸಿಲಾ ಪ್ರಾಣಿಶಾಸ್ತ್ರ ಓದಿದವಳು. ವಯಸ್ಸಿನಲ್ಲಿ ಸರೋವರದ ಒಂದು ಸಂಶೋಧನಾ ಕೇಂದ್ರದಲ್ಲಿ ಬಸವನಹುಳು ಎಣಿಸುತ್ತಿದ್ದಳು. ದಡದ ಜೊಂಡಿನಲ್ಲಿ ಅಂಟಿಕೊಂಡಿರುವ ಆ ಬಸವನಹುಳುವಿನ ಮೈಯಿಂದಲೇ ಬಿಲ್ಹಾರ್ಜಿಯಾ ರೋಗದ ಸಣ್ಣ ಹುಳ ನೀರಿಗಿಳಿಯುವುದು. ನೀರಲ್ಲಿ ನಿಂತವರ ಚರ್ಮ ತೂರಿ ಒಳಹೋಗುತ್ತದೆ, ವರ್ಷಗಟ್ಟಲೆ ಒಳಗೇ ಮನೆ ಮಾಡಿ ಹೊಟ್ಟೆ ಊದಿಸುತ್ತದೆ, ಕಡೆಗೆ ರಕ್ತ ಕಾರಿಸುತ್ತದೆ. ಹಣ ನಿಂತಿತು, ಆ ವಿಭಾಗ ಮುಚ್ಚಿತು. ದೊರ್ಸಿಲಾಳಿಗೆ ನಮ್ಮ ಭಾಷೆಯ ರೇಡಿಯೋದಲ್ಲಿ ಸಾವಿನ ಪ್ರಕಟಣೆ ಓದುವ ಕೆಲಸ ಸಿಕ್ಕಿತು.

ನಮ್ಮಲ್ಲಿ ಆ ಪ್ರಕಟಣೆ ಬಂದರೆ ಸೈಕಲ್ ಸವಾರನೂ ಕಾಲು ಊರಿ ನಿಲ್ಲುತ್ತಾನೆ. ಇಂಥವರ ಮಗಳು, ಇಂಥ ಊರಿನ ಸೊಸೆ, ಇಂಥವರ ತಂಗಿ. ಹೀಗೆ ಹೋದರು. ಮಣ್ಣು ಶನಿವಾರ. ಯಾರು, ಏನಾಯಿತು, ಯಾವತ್ತು ಬರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಪ್ರಕಟಣೆ ದಂಡ. ವರ್ಷಾನುಗಟ್ಟಲೆ ದೊರ್ಸಿಲಾಳ ದನಿ ಕೇಳಿ ಜನ ಒಲೆಯ ಮುಂದೆ ಎದೆ ಹಿಡಿದುಕೊಂಡು ಕೂತಿದ್ದಾರೆ.

ಒಂದು ಮಳೆಗಾಲದಲ್ಲಿ ಕೊಡುಂದೊ ಎಂಬ ಮೀನುಗಾರರ ದಡದಿಂದ ಮೇಲಿಂದ ಮೇಲೆ ಪ್ರಕಟಣೆಗಳು ಬಂದವು. ಎಲ್ಲ ಗಟ್ಟಿಮುಟ್ಟಾದ ಗಂಡಸರು. ರಕ್ತ ಕಾರಿ ಸತ್ತವರು. ದಡದಲ್ಲಿ ಜನ "ಚಿರಾ ತಗುಲಿದೆ" ಅಂದರು. ಕಟ್ಟುಪಾಡು ಮುರಿದವರ ಮನೆಗೆ ಬಡಿಯುವ ಶಾಪ ಅದು. ಸತ್ತವನ ಹೆಂಡತಿ ಏನು ತಪ್ಪು ಮಾಡಿದಳು, ಅವನ ತಾಯಿ ಏನು ಮಾಡಿದಳು ಎಂದು ಹುಡುಕಾಡಿದರು. ಕೊಡುಂದೊ ಎಂಬ ಹೆಸರು ಓದುವಾಗ ದೊರ್ಸಿಲಾಳ ನಾಲಗೆ ತೊದಲಿತು. ತಾನು ಮೊಣಕಾಲು ನೀರಲ್ಲಿ ನಿಂತು ಬಸವನಹುಳು ಎಣಿಸಿದ್ದ ದಡ ಅದು.

"ಎಣಿಸಿದ್ವಿ, ಬರೆದ್ವಿ, ಕಳಿಸಿದ್ವಿ," ಎನ್ನುತ್ತಾಳೆ ಈಗಲೂ. "ಆ ದಡದಲ್ಲಿ ಬಟ್ಟೆ ಒಗೀತಿದ್ದ ಒಬ್ಬಳಿಗೂ ಹೇಳ್ಲಿಲ್ಲ. ಅವ್ರು ನಂಗೆ ಕೂರೋಕೆ ಮಣೆ ಕೊಟ್ಟಿದ್ರು. ಆಮೇಲೆ ಅವ್ರ ಸಾವು ಓದೋಕೆ ಮಾತ್ರ ನನ್ನ ಬಾಯಿ ಬಂತು."

ಶಾಲೆ ಶುರುವಾದದ್ದು ಹಾಗೆ.

ಈ ಶಾಲೆಗೆ ಕಳೆದ ವರ್ಷ ಬೊನಿಫೇಸ್ ಒಲಾಂಗೊ ಬಂದ. ನಮ್ಮವನೇ, ಸರೋವರದ ಆಚೆ ಬದಿಯ ಊರಿನವನು. ಬಿಲ್ಹಾರ್ಜಿಯಾ ಮೇಲೆ ಡಾಕ್ಟರೇಟ್ ಮಾಡುತ್ತಿದ್ದಾನೆ. ಇಸ್ತ್ರಿ ಮಾಡಿದ ಅಂಗಿ, ಕಂಪ್ಯೂಟರ್ ಚೀಲ, ಮುಖದಲ್ಲಿ ಸೋತ ಕಳೆ. ಅವನು ಕೆಲಸ ಮಾಡುತ್ತಿದ್ದದ್ದು ಅದೇ ಕೊಡುಂದೊದಲ್ಲಿ. ಅವನ ತಂಡ ಶಾಲೆಯ ಮಕ್ಕಳ ಮಲ ಪರೀಕ್ಷಿಸಿ, ಹುಳದ ಮೊಟ್ಟೆ ಕಂಡು, ಮಾತ್ರೆ ಕೊಟ್ಟಿತ್ತು. ಒಳ್ಳೆಯ ಮಾತ್ರೆ; ವರ್ಷಕ್ಕೊಮ್ಮೆ ನುಂಗಿದರೆ ಮಗು ಉಳಿಯುತ್ತದೆ. ಆದರೆ ಆ ದಿನ ಮಕ್ಕಳು ಸಾಲಾಗಿ ವಾಂತಿ ಮಾಡಿಕೊಂಡವು. ಅವಿನೊ ಎಂಬ ಹುಡುಗಿ ಪ್ರಜ್ಞೆ ತಪ್ಪಿ ಬಿದ್ದಳು. ಬದುಕಿಕೊಂಡಳು ನಿಜ. ಆದರೆ ತಾಯಂದಿರು ಶಾಲೆಯ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. ಮಾತ್ರೆ ತಿಂದರೆ ಹೆಣ್ಣುಮಕ್ಕಳಿಗೆ ಬಸಿರು ನಿಲ್ಲುವುದಿಲ್ಲ ಎಂಬ ಮಾತೂ ಹಬ್ಬಿತು. ಅಲ್ಲಿಂದ ಈಚೆಗೆ ಕೊಡುಂದೊದ ಒಂದು ಮಗುವೂ ಮಾತ್ರೆ ನುಂಗಿಲ್ಲ. ಈಗ ಮತ್ತೆ ಅದೇ ಮಾತ್ರೆಯ ಪೆಟ್ಟಿಗೆಗಳು ಬಂದಿವೆ. ದಡ ಒಪ್ಪದಿದ್ದರೆ ಆ ಪೆಟ್ಟಿಗೆಗಳು ಬೇರೆ ಜಿಲ್ಲೆಗೆ ಹೋಗುತ್ತವೆ, ಮಕ್ಕಳ ಹೊಟ್ಟೆಯಲ್ಲಿ ಹುಳ ಇನ್ನೊಂದು ವರ್ಷ ಕೂರುತ್ತದೆ. ಅವಿನೊಳ ಹೊಟ್ಟೆ ಆಗಲೇ ಊದಿದೆ ಎಂದು ಶಾಲೆಯ ಮೇಷ್ಟ್ರು ಫೋನು ಮಾಡಿದ್ದರು.

"ಅವ್ರನ್ನ ಒಪ್ಪಿಸೋದು ಕಲಿಸಿ ಅಮ್ಮಾ," ಎಂದ ಒಲಾಂಗೊ.

"ಒಪ್ಪಿಸೋದು ಕಲೀಬೇಕಾದ್ರೆ ಸೋಪು ಮಾರೋ ಕಂಪನಿಗೆ ಹೋಗು," ಎಂದಳು ದೊರ್ಸಿಲಾ. "ಇಲ್ಲಿ ಹೇಳೋದು ಕಲಿಸ್ತೀನಿ. ಹೋಗು, ನಿಂತ್ಕೋ."

ಮೊದಲ ದಿನ ಪೆರ್ಪೆಟುವಾ ಎಂಬವಳ ಜೋಳ ಗಿರಣಿಗೆ ಬಿತ್ತು. ಗಿರಣಿಗೆ ಬರುವವರಲ್ಲೆಲ್ಲ ಹರಿತವಾದ ನಾಲಗೆ ಅವಳದು. ಒಲಾಂಗೊ ಗಂಟಲು ಸರಿಮಾಡಿಕೊಂಡು, "ಶಿಸ್ಟೊಸೋಮಾ ಮನ್ಸೋನಿ ಎಂಬ ಪರಾವಲಂಬಿ ಜೀವಿಯ ವ್ಯಾಪಕತೆ..." ಎಂದು ಶುರು ಮಾಡಿದ.

"ಮಗಾ, ಅದು ಯಾರ ಹೆಸ್ರು?" ಎಂದಳು ಪೆರ್ಪೆಟುವಾ. "ನಿಮ್ಮತ್ತೆ ಮನೆ ಕಡೆಯೋರದಾ?"

ಸಾಲು ಗೊಳ್ಳೆಂದಿತು. ಅವನು ನಗಲಿಲ್ಲ. ಶೇಕಡಾವಾರು ಹೇಳಿದ, ನಕ್ಷೆ ಇರುವ ಹಾಳೆ ಎತ್ತಿ ತೋರಿಸಿದ. ಹಿಂದಿನಿಂದ ಒಬ್ಬಳು, "ಆ ಹಾಳೆ ಗಟ್ಟಿಯಾಗೈತೆ ಕಣಪ್ಪಾ, ಕಡಲೆ ಕಟ್ಟೋಕೆ ಚೆನ್ನಾಗಿರ್ತದೆ" ಎಂದಳು. ಅಷ್ಟರಲ್ಲಿ ಪೆರ್ಪೆಟುವಾ ಡಬ್ಬಿ ತಲೆಗೇರಿಸಿದಳು.

"ನಂದು ಹಿಟ್ಟಾಯ್ತು ಡಾಕ್ಟ್ರೇ. ನಿಂದಿನ್ನೂ ಕಾಳಾಗೇ ಐತೆ. ಬರ್ತೀನಿ."

ವಾರಪೂರ್ತಿ ನಪಾಸು. ದೊರ್ಸಿಲಾ ಕಡಲೆಕಾಯಿ ಸಿಪ್ಪೆ ಉದುರಿಸುತ್ತ ನೋಡುತ್ತಿದ್ದಳು. ಕಡೆಗೆ ಅವನನ್ನು ಕೋಣೆಯೊಳಗೆ ಕರೆದು ಕೂರಿಸಿದಳು.

"ಆ ದಿನ ಏನಾಯ್ತು ಹೇಳು. ನಿನ್ನ ಪ್ರಬಂಧದಲ್ಲಿ ಇರೋದಲ್ಲ. ಆಗಿದ್ದು."

"ಮಾತ್ರೆ ಖಾಲಿ ಹೊಟ್ಟೇಲಿ ಕೊಡಬಾರ್ದು ಅಮ್ಮಾ. ಅದಕ್ಕೇ ಪ್ರತಿ ಮಗೂನೂ ಊಟ ಆಯ್ತಾ ಅಂತ ಕೇಳಿದ್ವಿ. ಎಲ್ಲಾ ಆಯ್ತು ಅಂದ್ವು. ಆದ್ರೂ ವಾಂತಿ ಆಯ್ತು. ಯಾಕೆ ಅಂತ ಇವತ್ತಿಗೂ ಗೊತ್ತಾಗಿಲ್ಲ."

"ಎಲ್ರ ಎದ್ರಿಗೂ ಕೇಳಿದ್ರಾ?"

"ಸಾಲಲ್ಲಿ ನಿಲ್ಲಿಸಿ ಕೇಳಿದ್ವಿ."

ದೊರ್ಸಿಲಾ ಒಂದು ಕಡಲೆಕಾಯಿ ಒಡೆದಳು. "ಚಿಕ್ಕೋನಿದ್ದಾಗ ಪಕ್ಕದ ಮನೆಗೆ ಹೋದಾಗ ಯಾರಾದ್ರೂ ಊಟ ಆಯ್ತೇನೋ ಅಂದ್ರೆ ಏನಂತಿದ್ದೆ?"

"ಆಯ್ತು ಅಂತಿದ್ದೆ."

"ಆಗಿರ್ತಿತ್ತಾ?"

ನಮ್ಮ ದಡದಲ್ಲಿ ಹುಟ್ಟಿದ ಯಾವ ಮಗುವೂ ಪರರ ಮುಂದೆ ಹಸಿದಿದ್ದೇನೆ ಎನ್ನುವುದಿಲ್ಲ. ಹಾಗೆಂದರೆ ಅವ್ವನ ಮಾನ ಬೀದಿಗೆ ಬಿದ್ದ ಹಾಗೆ. ದೋಣಿ ಬರಿಗೈಲಿ ವಾಪಸಾದ ದಿನ, ಒಲೆ ಹಚ್ಚದ ದಿನ, ಮಗು ತುಟಿ ಒರೆಸಿಕೊಂಡು ಹೊರಗೆ ಬರುತ್ತದೆ. ಇದನ್ನು ಯಾರೂ ಕಲಿಸುವುದಿಲ್ಲ, ಎದೆಹಾಲಿನ ಜೊತೆಯೇ ಬರುತ್ತದೆ. ಒಲಾಂಗೊ ಕೂಡ ಹಾಗೆ ಬೆಳೆದವನೇ. ವಿಜ್ಞಾನಿಯಾಗಿ ಬಿಳಿ ಕೋಟು ಹಾಕಿಕೊಂಡ ಮೇಲೆ, ತನಗೇ ಗೊತ್ತಿದ್ದದ್ದನ್ನು ಹೊರಗೆ ಬಿಟ್ಟು ಬಂದಿದ್ದ. ಪ್ರಶ್ನೆಯನ್ನು ಬೇರೆ ಖಂಡದಲ್ಲಿ ಯಾರೋ ಬರೆದಿದ್ದರು. ಇವನು ಓದಿದ್ದ, ಅಷ್ಟೇ.

"ಅಯ್ಯೋ ದೇವ್ರೇ," ಎಂದ ಮೆಲ್ಲಗೆ. "ಅವು ಹಸ್ಕೊಂಡಿದ್ವು."

"ಈಗ ಹೋಗಿ ಗಿರಣಿ ಮುಂದೆ ನಿಂತ್ಕೋ," ಎಂದಳು ದೊರ್ಸಿಲಾ.

ಆ ದಿನ ಪೆರ್ಪೆಟುವಾಳ ಹಿಟ್ಟು ತುಂಬಿದರೂ ಅವಳು ಏಳಲಿಲ್ಲ. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, "ಆಮೇಲೆ?" ಎಂದಳು.

ಒಲಾಂಗೊ ಯೋಜನೆಯ ಮುಖ್ಯಸ್ಥನಿಗೆ ಫೋನು ಮಾಡಿದ. ಕೊಡುಂದೊಗೆ ಹೋಗಿ ತಪ್ಪು ಹೇಳಿಕೊಳ್ಳುತ್ತೇನೆ ಎಂದ. ಆ ಮನುಷ್ಯನ ದನಿ ಗಿರಣಿಯ ಸದ್ದಿನಲ್ಲೂ ಕೇಳಿಸಿತು. "ಅಡ್ಡಪರಿಣಾಮ ಸಹಜ ಅಂತ ಹೇಳಿ ಮುಗ್ಸಯ್ಯಾ. ತಪ್ಪಾಯ್ತು ಅನ್ನೋ ಮಾತು ಬಾಯಿಂದ ಬರಬಾರ್ದು. ನಾಳೆ ಯಾರು ಹಣ ಕೊಡ್ತಾರೆ?" ಕೇಳಿದಿರಾ? ಮಗುವಿನ ಹೊಟ್ಟೆ ಊದಿದೆ. ಈತನಿಗೆ ಹಣದ ಚಿಂತೆ. ಇಂಥವರನ್ನು ನಾವು ಸಮ್ಮೇಳನಗಳಲ್ಲಿ ಹಾರ ಹಾಕಿ ಕೂರಿಸುತ್ತೇವೆ.

ಒಲಾಂಗೊ ಫೋನಿಟ್ಟು ದೊರ್ಸಿಲಾಳ ಮುಖ ನೋಡಿದ. "ನನ್ನ ಮುಖದಲ್ಲಿ ಏನ್ ಬರ್ದಿದೆ?" ಎಂದಳು ಅವಳು. "ಹೋಗೋನು ನೀನು. ನಾನು ಜೊತೇಲಿ ಬರ್ತೀನಿ, ಬಾಯಿ ಬಿಡಲ್ಲ."

ಶನಿವಾರ ಮಟಾಟು ವ್ಯಾನು ಹಿಡಿದು ಇಬ್ಬರೂ ಕೊಡುಂದೊಗೆ ಹೋದರು. ದಡದಲ್ಲಿ ಬಲೆಗಳ ಮೇಲೆ ಒಮೆನಾ ಮೀನು ಬೆಳ್ಳಿಯ ಹಾಗೆ ಒಣಗಲು ಹರಡಿತ್ತು. ಅತ್ತಿಮರದ ಕೆಳಗೆ ದಡದವರು ಸೇರಿದ್ದರು. ಗಂಡಸರು ದೋಣಿಯ ಅಂಚಿನ ಮೇಲೆ, ಹೆಂಗಸರು ನೆಲದ ಮೇಲೆ ಕಾಲು ಚಾಚಿ. ದಡದ ಹಿರಿಯ ಓಗಲೊ ಅಜ್ಜ ಕೋಲೂರಿ ಕುರ್ಚಿಯಲ್ಲಿ ಕೂತಿದ್ದ. ಮುಂದಿನ ಸಾಲಿನಲ್ಲಿ ಅವಿನೊಳ ತಾಯಿ ರಿಸ್ಪಾ, ಪಕ್ಕದಲ್ಲಿ ಅವಿನೊ. ಹುಡುಗಿಯ ಕೈಕಾಲು ಕಡ್ಡಿ, ಫ್ರಾಕಿನ ಕೆಳಗೆ ಹೊಟ್ಟೆ ಮಾತ್ರ ಮುಂದೆ.

ದೊರ್ಸಿಲಾ ಹಿಂದೆ ಹೋಗಿ ಕೂತಳು. ಅವಳ ದನಿ ಕೇಳಿದ್ದರೆ ಅರ್ಧ ದಡ ಗುರುತು ಹಿಡಿದು, ಯಾರೋ ಸತ್ತರೆಂದು ಹೆದರುತ್ತಿತ್ತು. ಅವಳು ತುಟಿ ಬಿಚ್ಚಲಿಲ್ಲ.

ಒಲಾಂಗೊ ಕಂಪ್ಯೂಟರ್ ತಂದಿರಲಿಲ್ಲ. "ನಾನು ನೀರಾಚೆಯ ದೋಣಿ ಮಾಡೋ ಒಲಾಂಗೊ ಅವರ ಮಗ," ಎಂದು ಶುರು ಮಾಡಿದ. "ನಮ್ಮವ್ವ ಈ ದಡದ ಪಕ್ಕದ ಊರಿನ ಮಗಳು. ನೀವೆಲ್ಲ ನಂಗೆ ಮಾವಂದಿರು, ಅಜ್ಜಂದಿರು."

"ಅಳಿಯ ಆದ್ಮೇಲೆ ಕೈಬೀಸ್ಕೊಂಡು ಬರ್ತಾರೇನಯ್ಯಾ?" ಎಂದು ದೋಣಿಯಂಚಿನಿಂದ ಒಬ್ಬ ಕೂಗಿದ. "ಒಂದು ಮೇಕೆ ಹಿಡ್ಕೊಂಡು ಬರೋದಲ್ವಾ?"

"ಕಳೆದ ಸಲ ಮಕ್ಳ ಹೇಲು ತಗೊಂಡು ಹೋದ್ನಲ್ಲ," ಎಂದಳು ಒಬ್ಬಳು. "ಈ ಸಲ ಅದನ್ನೇ ವಾಪಸ್ ತಂದಿರ್ತಾನೆ ಬಿಡು."

ನಗು ನಿಲ್ಲುವ ತನಕ ಅವನು ಕಾದ. "ಹೂಂ, ಅದನ್ನೇ ತಂದಿದೀನಿ," ಎಂದ. "ಅದರಲ್ಲಿ ಏನಿತ್ತು ಅಂತ ಹೇಳೋಕೆ ಬಂದೆ. ಮೊದಲೇ ಬರಬೇಕಿತ್ತು. ಬರಲಿಲ್ಲ."

ಅವನು ಹೇಳಿದ. ಒಂದು ಬೆಂಚಿನಲ್ಲಿ ನಾಲ್ಕು ಮಕ್ಕಳು ಕೂತರೆ ಮೂವರ ಹೊಟ್ಟೆಯಲ್ಲಿ ಹುಳ. ರಕ್ತ ಕಾರಿ ಹೋದ ಗಂಡಸರನ್ನು ಕೊಂದದ್ದೂ ಅದೇ ಹುಳ. "ಚಿರಾ ಅಲ್ಲ. ಯಾವ ಹೆಂಡ್ತೀದೂ ತಪ್ಪಿಲ್ಲ, ಯಾವ ತಾಯೀದೂ ತಪ್ಪಿಲ್ಲ." ವಿಧವೆಯರ ಸಾಲಿನಲ್ಲಿ ಯಾರೋ ಜೋರಾಗಿ ಉಸಿರು ಬಿಟ್ಟರು. ಆಮೇಲೆ ಅವನು ಮಾತ್ರೆಯ ದಿನಕ್ಕೆ ಬಂದ. "ಆ ಮಾತ್ರೆ ಹೊಟ್ಟೆ ತುಂಬಿದ ಮೇಲೆ ಕೊಡ್ಬೇಕು. ನಿಮ್ಮ ಮಕ್ಳು ಅವತ್ತು ಖಾಲಿ ಹೊಟ್ಟೇಲಿ..."

ರಿಸ್ಪಾ ಎದ್ದು ನಿಂತಳು.

"ಏನಂದೆ?" ಎಂದಳು. "ನನ್ನ ಮನೇಲಿ ಅವತ್ತು ಒಲೆ ಹತ್ತಿರ್ಲಿಲ್ಲ ಅಂತ ಇಡೀ ದಡದ ಮುಂದೆ ಹೇಳ್ತಿದೀಯಾ? ನನ್ನ ಮಗಳನ್ನ ಬೀಳ್ಸಿ, ಈಗ ನನ್ನೂ ಬೀಳ್ಸೋಕೆ ಬಂದ್ಯಾ?"

ಹೆಂಗಸರು ಒಟ್ಟಿಗೆ ಗದ್ದಲ ಎಬ್ಬಿಸಿದರು. ಇಬ್ಬರು ಹೊರಟೇ ನಿಂತರು. ಇನ್ನಷ್ಟು ಜನ ಎದ್ದಿದ್ದರೆ ಸಭೆ ಮುಗಿದಿತ್ತು, ಮಾತ್ರೆಯ ಪೆಟ್ಟಿಗೆ ಲಾರಿ ಹತ್ತಿತ್ತು. ಒಲಾಂಗೊ ಹಿಂದೆ ಕೂತ ದೊರ್ಸಿಲಾಳ ಕಡೆ ನೋಡಿದ. ಅವಳು ಸರೋವರದ ಕಡೆ ನೋಡುತ್ತಿದ್ದಳು. ಕೈಯಲ್ಲಿದ್ದ ಕಡಲೆಕಾಯಿ ಸಿಪ್ಪೆ ಸಮೇತ ಪುಡಿಯಾಗಿತ್ತು ಎಂದು ಪಕ್ಕದಲ್ಲಿದ್ದವರು ಆಮೇಲೆ ಹೇಳಿದರು.

"ಇಲ್ಲ, ಅವಿನೊ ಅವ್ವಾ," ಎಂದ ಒಲಾಂಗೊ. "ನಿಮ್ಮನೆ ಒಲೆ ಮಾತು ನಾನು ಆಡ್ತಿಲ್ಲ. ನನ್ನ ಮಾತು ಆಡ್ತಿದೀನಿ. ನಾನು ಕರೆದೆ, ಮಕ್ಳು ಬಂದ್ವು. ಕರೆದೋನು ನಾನಾದ್ಮೇಲೆ ಊಟ ಹಾಕ್ಬೇಕಾದೋನೂ ನಾನೇ. ಮನೆಗೆ ಬಂದೋರ್ನ ನಮ್ಮವ್ವ ಊಟ ಆಯ್ತಾ ಅಂತ ಒಂದಿನಾನೂ ಕೇಳಿದ್ದಿಲ್ಲ. ಸುಮ್ನೆ ಕೈ ತೊಳಿಯೋಕೆ ನೀರು ತಂದಿಡೋಳು. ನಾನು ತಟ್ಟೆ ಇಡದೆ ಪ್ರಶ್ನೆ ಇಟ್ಟೆ. ನಿಮ್ಮ ಮಗಳು ಮರ್ಯಾದಸ್ಥೆ, ನಿಮ್ಮ ಮಾನ ಕಾಪಾಡಿದ್ಲು. ಮರ್ಯಾದೆ ಮರ್ತೋನು ನಾನು."

ಓಗಲೊ ಅಜ್ಜ ಕೋಲಿನಿಂದ ಮರಳು ಕೆದಕಿದ.

"ಹಂಗಾರೆ ಈ ಸಲ ಯಾರು ಅಡುಗೆ ಮಾಡೋರು?" ಎಂದಳು ರಿಸ್ಪಾ, ಇನ್ನೂ ನಿಂತೇ.

"ನಾನೇ ಮಾಡ್ತೀನಿ."

"ನೀನಾ?" ರಿಸ್ಪಾ ಅವನ ಇಸ್ತ್ರಿ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದಳು. "ನೀನು ತಿರುವಿದ ಉಗಾಲಿ ಮುದ್ದೆ ತಿಂದ್ರೆ ಮಾತ್ರೆ ಬೇಡಪ್ಪಾ, ಅದಕ್ಕೇ ವಾಂತಿ ಆಗ್ತದೆ!"

ಇಡೀ ಮರದ ಕೆಳಗೆ ನಗು ಒಡೆಯಿತು. ಹೊರಟು ನಿಂತಿದ್ದ ಇಬ್ಬರೂ ಕೂತರು. "ಹಿಟ್ಟು ನೀನು ತಾ," ಎಂದಳು ರಿಸ್ಪಾ. "ಹಂಡೆ ನಮ್ದು, ಕೈ ನಮ್ದು. ಎಲ್ರೂ ತಿಂತಾರೆ, ಯಾರ್ನೂ ಯಾರೂ ಏನೂ ಕೇಳಂಗಿಲ್ಲ. ಮೊದಲು ನೀನು ತಿನ್ನು, ಮೊದಲು ನೀನೇ ನುಂಗು."

"ನಂಗೂ ಕೊಡ್ರಯ್ಯಾ," ಎಂದ ಓಗಲೊ ಅಜ್ಜ. "ಈ ಹೊಟ್ಟೇನೂ ನೀರಲ್ಲಿ ನಿಂತು ನಿಂತು ಬೆಳ್ದಿದ್ದೇ."

ಸಭೆ ಮುಗಿಯಿತು. ಮಟಾಟುವಿನಲ್ಲಿ ಒಲಾಂಗೊನ ಮುಖ ಹೂವಾಗಿತ್ತು. ದೊರ್ಸಿಲಾ ಹೊಗಳುತ್ತಾಳೆಂದು ಕಾಯುತ್ತಿದ್ದ. ಅವಳು ಕಿಟಕಿಯಿಂದ ಆಚೆ ನೋಡುತ್ತ, "ಯಾರು ಅಂತ ಹೇಳ್ದೆ. ಏನಾಯ್ತು ಅಂತ ಹೇಳ್ದೆ," ಎಂದಳು. "ಇನ್ನೇನು ಉಳೀತು?"

ಒಲಾಂಗೊ ಯೋಚಿಸಿದ. ಮುಖ ಬಾಡಿತು. "ಯಾವತ್ತು ಬರ್ತೀನಿ ಅಂತ ಹೇಳ್ಲಿಲ್ಲ."

"ಮಣ್ಣು ಯಾವತ್ತು ಅಂತ ಹೇಳದೆ ಸಾವು ಓದಿದ್ರೆ ಜನ ನನ್ನ ಕಲ್ಲಲ್ಲಿ ಹೊಡೀತಿದ್ರು," ಎಂದು ದೊರ್ಸಿಲಾ ಮಟಾಟುವಿನ ಛಾವಣಿಯನ್ನು ಗುದ್ದಿದಳು. ಗಾಡಿ ನಿಂತಿತು. "ಇಳಿ. ನಡ್ಕೊಂಡು ಹೋಗು. ಮಾತ್ರೆ ಯಾವತ್ತು, ಅದಾದ್ಮೇಲೆ ಮತ್ತೆ ಪರೀಕ್ಷೆ ಮಾಡಿ ಏನು ಕಂಡ್ತು ಅಂತ ಹೇಳೋಕೆ ಯಾವತ್ತು, ಎರಡೂ ಹೇಳಿ ಬಾ."

"ಅಮ್ಮಾ, ಬಿಸಿಲು..."

"ಆ ಮಗೂಗೂ ಬಿಸಿಲೇ."

ಅವನು ಇಳಿದ. ಧೂಳಿನ ದಾರಿಯಲ್ಲಿ ವಾಪಸ್ ನಡೆದ. ರಿಸ್ಪಾ ಒಮೆನಾ ಮಗುಚುತ್ತಿದ್ದಳು. ಅವನು ದಿನ ಹೇಳಿದ. "ಇದನ್ನ ಹೇಳೋಕೆ ಅಷ್ಟು ದೂರದಿಂದ ನಡ್ಕೊಂಡು ಬಂದ್ಯಾ?" ಎಂದು ಅವಳು ಬೆವರು ಕಂಡು ಕೇಳಿದಳು. ಊಟ ಆಯ್ತಾ ಎಂದು ಕೇಳಲಿಲ್ಲ. ಕೈ ತೊಳೆಯಲು ನೀರು ತಂದಿಟ್ಟಳು.

ಹೇಳಿದ ದಿನ ಹಂಡೆ ಏರಿತು. ಎಲ್ಲರೂ ಉಗಾಲಿ, ಮೀನು ತಿಂದರು. ಒಲಾಂಗೊ ಮೊದಲು ನುಂಗಿದ, ಆಮೇಲೆ ಓಗಲೊ ಅಜ್ಜ, ಆಮೇಲೆ ಅವಿನೊ. ಕೆಲವು ಮಕ್ಕಳಿಗೆ ಹೊಟ್ಟೆ ತೊಳೆಸಿತು, ತಲೆ ತಿರುಗಿತು. ಅವನು ಮೊದಲೇ ಹೇಳಿದ್ದನಾದ್ದರಿಂದ ಯಾರೂ ಹೆದರಲಿಲ್ಲ. ಹೇಳಿದ ಇನ್ನೊಂದು ದಿನವೂ ಅವನು ಬಂದ. ಅದೇ ಮರದ ಕೆಳಗೆ ನಿಂತು, ಈಗ ಬೆಂಚಿಗೆ ಮೂವರಿರಲಿ, ಹತ್ತು ಬೆಂಚು ಹುಡುಕಿದರೆ ಹೊಟ್ಟೆಯಲ್ಲಿ ಹುಳ ಇರುವ ಒಂದು ಮಗು ಸಿಗುತ್ತದೆ ಎಂದು ಹೇಳಿದ. ನೀರಿಗಿಳಿದರೆ ಮತ್ತೆ ಬರುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಅವಿನೊಳ ಹೊಟ್ಟೆ ಪೂರ್ತಿ ಇಳಿದಿಲ್ಲ, ಇಳಿಯುತ್ತಿದೆ. ಮೊನ್ನೆ ಶಾಲೆಯ ಓಟದಲ್ಲಿ ಅವಳು ಕಡೆಯವಳಾಗಿ ಬಂದಳಂತೆ. ಓಡಿದಳಲ್ಲ.

ದೊರ್ಸಿಲಾ ಈಗಲೂ ಆ ಸಂದಿಯಲ್ಲಿದ್ದಾಳೆ. ಅವಳಿಗೆ ಯಾವ ವಿಶ್ವವಿದ್ಯಾಲಯವೂ ಕುರ್ಚಿ ಕೊಟ್ಟಿಲ್ಲ. ಸದ್ಯ, ಕೊಟ್ಟಿದ್ದರೆ ಗಿರಣಿಯಿಂದ ದೂರವಾಗುತ್ತಿದ್ದಳು. ಅವಳ ಹೊಗಳಿಕೆ ಓದಿ ನೀವು ತಲೆದೂಗಿ ಪುಟ ಮಗುಚಿದರೆ ಅವಳಿಗೂ ಉಪಯೋಗವಿಲ್ಲ, ಯಾವ ಮಗುವಿಗೂ ಉಪಯೋಗವಿಲ್ಲ. ನಾಳೆ ನಿಮ್ಮ ಬಾಗಿಲಿಗೂ ಒಬ್ಬ ಬರುತ್ತಾನೆ. ನಿಮ್ಮ ರಕ್ತವೋ, ನಿಮ್ಮ ಬಾವಿಯ ನೀರೋ, ನಿಮ್ಮ ಮಗುವಿನ ಮಲವೋ ಕೇಳುತ್ತಾನೆ. ಕೊಡಿ, ಬೇಡ ಅನ್ನಬೇಡಿ. ಆದರೆ ಡಬ್ಬಿ ಅವನ ಕೈಗಿಡುವ ಮೊದಲು ಮುಖ ನೋಡಿ ಕೇಳಿ: ಏನು ಕಂಡಿತು ಅಂತ ಹೇಳೋಕೆ ಯಾವತ್ತು ಬರ್ತೀಯಾ? ಅವನು ದಿನ ಹೇಳುವ ತನಕ ಡಬ್ಬಿ ಬಿಡಬೇಡಿ.